ನೃತ್ಯ ಶಿಫಾರಸಿನ ಕಷ್ಟನಷ್ಟಗಳು

ನನ್ನ ಮಗಳು ಎರಡು ವರ್ಷ ಭರತನಾಟ್ಯ ಕಲಿತು, ಮೊದಲ ನೃತ್ಯವಾದ ಅಲರಿಪ್ಪು ಮುಗಿಸಿ, ಅದರ ಮುಂದಿನ ಜತಿಸ್ವರದ ಹೊಸ್ತಿಲಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೆಪವೊಡ್ಡಿ ಗೆಜ್ಜೆ ಬಿಚ್ಚಿಟ್ಟಳು. ಆ ಎರಡು ವರ್ಷ ತರಗತಿಯ ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾದದ್ದೇ ನನ್ನ ನೃತ್ಯವಿದ್ಯೆಯ ಸಮಸ್ತ ಬಂಡವಾಳ. ಆದರೂ ದಾವಣಗೆರೆಯ ನಮ್ಮ ಬೀದಿಯಲ್ಲಿ ನಾನು ನೃತ್ಯ ಬಲ್ಲವನೆಂದು ಹೆಸರಾಗಿದ್ದೇನೆ. ಕಳೆದ ವರ್ಷ ಊರಿನಲ್ಲಿ ಐದು ದಿನಗಳ ನೃತ್ಯೋತ್ಸವದ ಕರಪತ್ರ ಮನೆಮನೆಗೆ ಬಂದಾಗ, ಯಾವುದನ್ನು ನೋಡಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂದು ಕೇಳಿಕೊಂಡು ಜನ ಬರತೊಡಗಿದರು. ಗೊತ್ತಿಲ್ಲವೆನ್ನುವ ಧೈರ್ಯ ನನಗೆ ಆಗಲೂ ಇರಲಿಲ್ಲ.

ಮೊದಲು ಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು. ಎಂಟು ಗಂಟೆಗೆ ಸರಿಯಾಗಿ ರೊಟ್ಟಿ ತಿನ್ನುವವರಾದ್ದರಿಂದ ಭರತನಾಟ್ಯದಲ್ಲಿ ಒಂದೇ ಒಂದನ್ನು ನೋಡಿ ಎದ್ದು ಬರುವುದಾದರೆ ಯಾವುದೆಂದು ಕೇಳಿದರು. ವರ್ಣವೇ ಕಛೇರಿಯ ಜೀವಾಳವೆಂದು ನಾನು ನಿಸ್ಸಂಕೋಚವಾಗಿ ಹೇಳಿದೆ. ಈ ಮಾತು ಶಾಸ್ತ್ರದ ಪ್ರಕಾರ ಸರಿಯೇ. ಬರೀ ಹೆಜ್ಜೆ ತಾಳಗಳ ನೃತ್ತ ಮತ್ತು ಅಭಿನಯ ಎರಡೂ ಬೆರೆತು, ಕಲಾವಿದೆಯ ಉಸಿರು, ತಾಳ, ಭಾವ ಒಟ್ಟಿಗೆ ಪರೀಕ್ಷೆಗೊಳಗಾಗುವುದು ಅಲ್ಲಿಯೇ. ನಾನು ಹೇಳಲು ಮರೆತದ್ದು, ವರ್ಣವೊಂದೇ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ನಡೆಯುತ್ತದೆ ಎಂಬುದನ್ನು. ನಡುನಡುವೆ ಬರುವ ಜತಿಯ, ಅಂದರೆ ತಾಳದ ಹೆಜ್ಜೆಗಳ ಪ್ರತಿ ಸುತ್ತಿನ ಕೊನೆಗೂ ಪೂರ್ತಿ ಮುಗಿಯಿತೆಂದು ತಿಳಿದ ಮೇಷ್ಟ್ರು ಚಪ್ಪಾಳೆ ತಟ್ಟಿ, ಶಾಲು ಹೊದ್ದು, ಎದ್ದು, ಮತ್ತೆ ಹಾಡಿನ ಸಾಹಿತ್ಯ ಶುರುವಾದೊಡನೆ ಕುಳಿತು, ಒಟ್ಟು ನಾಲ್ಕು ಸಲ ಉಟ್ಟಾಬೈಸು ಮಾಡಿದರಂತೆ. ಮರುದಿನ ಬೆಳಿಗ್ಗೆ ಹಾಲಿನ ಪಾಕೀಟು ಹಿಡಿದುಕೊಂಡೇ ನನ್ನನ್ನು ತಡೆದು, "ಸ್ವಾಮಿಯನ್ನು ಕರೆದು ತಾ ಅಂತ ಸಖಿಗೆ ಹೇಳಿದ್ದನ್ನೇ ಹೇಳಿದಳಲ್ರೀ. ಅಷ್ಟು ಹೊತ್ತಿಗೆ ತಾನೇ ಹೋಗಿ ಕರಕೊಂಡು ಬರಬಹುದಿತ್ತು" ಎಂದರು. ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಅಭಿನಯಿಸುವುದೇ ಸಂಚಾರಿಯ ಸೊಗಸೆಂದು ನಾನು ವಿವರಿಸುವಷ್ಟರಲ್ಲಿ ಅವರು ಗೇಟು ಹಾಕಿಕೊಂಡಾಗಿತ್ತು.

ಕೂಚಿಪುಡಿಯ ತರಂಗವನ್ನು ಪಕ್ಕದ ಮನೆಯ ಅಜ್ಜಿಗೆ ಹೇಳಿದ್ದೆ. ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಪಾದವೂರಿ ಕಲಾವಿದೆ ತಾಳಕ್ಕೆ ಸರಿಯಾಗಿ ಸರಿದಾಡುವುದು ಯಾರಿಗಾದರೂ ಹಿಡಿಸುತ್ತದೆಂಬ ನಂಬಿಕೆ ನನ್ನದು. ಅಜ್ಜಿ ಬಂದು, ತಟ್ಟೆ ಸವೆದಿರುವುದನ್ನು ತಾವು ಕಣ್ಣಾರೆ ಕಂಡೆವೆಂದೂ, ಅದಕ್ಕೆ ಕಲಾಯಿ ಹಾಕಿಸಿದರೂ ಇನ್ನು ಉಪಯೋಗವಿಲ್ಲವೆಂದೂ ಮರುಗಿದರು.

ಇವೆಲ್ಲ ಚಿಲ್ಲರೆ ನಷ್ಟಗಳು. ದೊಡ್ಡದು ನಡೆದದ್ದು ಹೊಳಲ್ಕೆರೆಯ ಕಡೆಯಿಂದ ಬಂದಿದ್ದ ನಮ್ಮ ಸೋದರಮಾವನಿಂದ. ಮಾವ ಹರೆಯದಲ್ಲಿ ತಮ್ಮೂರಿನ ದೊಡ್ಡಾಟದಲ್ಲಿ ಸಾರಥಿಯ ಪಾತ್ರ ಹಾಕಿದವರು. ಮೂಡಲಪಾಯವೆಂದೂ ಕರೆಯುವ ಆ ಬಯಲುಸೀಮೆಯ ಆಟದಲ್ಲಿ ರಾಜನೋ ರಾಕ್ಷಸನೋ ರಂಗಕ್ಕೆ ಬಂದೊಡನೆ, ಬಂದವರು ಯಾರು, ಊರು ಯಾವುದು, ಬಂದ ಕಾರಣವೇನು ಎಂದು ವಿಚಾರಿಸಿಕೊಳ್ಳುವವನು ಈ ಸಾರಥಿ. ರಾತ್ರಿಯಿಡೀ ಆಟ ನೋಡಿ ಅಭ್ಯಾಸವಿರುವ ಅವರಿಗೆ ಕಥಕ್ಕಳಿಯೇ ಸರಿಯೆಂದು ನಾನೇ ಲೆಕ್ಕ ಹಾಕಿದೆ. ಎರಡರಲ್ಲೂ ಭಾರಿ ಕಿರೀಟ, ಬಣ್ಣದ ಮುಖ, ಪುರಾಣದ ಕಥೆ. ಬೇಗ ಕರೆದೊಯ್ದು, ಮಂಡಕ್ಕಿ ಮಿರ್ಚಿ ಕೊಡಿಸಿ, ಮೂರನೆಯ ಸಾಲಿನಲ್ಲಿ ಕೂರಿಸಿದೆ. ಮುಖಕ್ಕೆ ಬಣ್ಣ ಹಾಕುವುದಕ್ಕೇ ಮೂರು ನಾಲ್ಕು ಗಂಟೆ ಬೇಕಾಗುತ್ತದೆ, ಕೆನ್ನೆಯಂಚಿನ ಬಿಳಿಯ ಚುಟ್ಟಿಯನ್ನು ಅಕ್ಕಿಹಿಟ್ಟಿನಿಂದ ಕೂರಿಸುತ್ತಾರೆ ಎಂದು ನನಗೆ ತಿಳಿದಿದ್ದನ್ನೆಲ್ಲ ಉಸುರಿದೆ. ವೇಷಗಾರ ಮಾತನಾಡುವುದಿಲ್ಲ, ಹಾಡುವವರು ಹಿಂದೆ ನಿಂತು ಹಾಡುತ್ತಾರೆ, ಇವನು ಕೈಮುದ್ರೆಗಳಲ್ಲಿ ಹೇಳುತ್ತಾನೆ ಎಂಬ ಮುಖ್ಯ ಸಂಗತಿ ಮಾತ್ರ ಮಿರ್ಚಿಯ ಖಾರದಲ್ಲಿ ಮರೆತುಹೋಯಿತು.

ರಾವಣನ ಪ್ರವೇಶ ಬಂತು. ಇಬ್ಬರು ತೆರೆ ಹಿಡಿದು ನಿಂತರು. ಚೆಂಡೆ ಏರಿತು. ತೆರೆಯ ಮೇಲೆ ಹತ್ತು ಬೆರಳು ಕಾಣಿಸಿಕೊಂಡವು, ಬಳಿಕ ಕಿರೀಟ, ಬಳಿಕ ಒಂದು ಕ್ಷಣ ಕೆಂಪೇರಿದ ಕಣ್ಣು, ಮತ್ತೆ ಮರೆ. ರಾವಣನಂಥ ಗರ್ವಿಷ್ಠ ಪಾತ್ರಗಳಿಗೆ ಹಾಕುವ ಕತ್ತಿವೇಷದ ಈ ತೆರೆನೋಟ ಕಥಕ್ಕಳಿಯ ಅತಿ ಸುಂದರ ಘಟ್ಟಗಳಲ್ಲೊಂದು, ಅದನ್ನು ಅವಸರಿಸುವವರಿಲ್ಲ. ಮಾವ ಐದು ನಿಮಿಷ ತಡೆದರು. ಕುರ್ಚಿಯ ಕೈ ಹಿಡಿದು ಅಂಚಿಗೆ ಸರಿದರು. ರಂಗದ ಮೇಲೆ ಸಾರಥಿಯಿಲ್ಲದ್ದು ಅವರಿಗೆ ಅರಸೊತ್ತಿಗೆಗೇ ಅವಮಾನವೆನಿಸಿರಬೇಕು. ಎದ್ದು ನಿಂತು, ನಲವತ್ತು ವರ್ಷ ಒಳಗೇ ಉಳಿದಿದ್ದ ಏರುದನಿಯಲ್ಲಿ, "ಭಲಾ! ಬಂದಂಥವರು ತಾವು ಯಾರು? ತಮ್ಮ ನಾಮಾಂಕಿತವೇನು?" ಎಂದು ಕೇಳಿಯೇಬಿಟ್ಟರು.

ಕತ್ತಿವೇಷದವರು ಮಾತಾಡದಿದ್ದರೂ ಅಬ್ಬರಿಸುವ ಪದ್ಧತಿಯಿದೆ. ನನ್ನ ದುರದೃಷ್ಟಕ್ಕೆ ಸರಿಯಾಗಿ ಆ ಘಳಿಗೆಯಲ್ಲಿಯೇ ತೆರೆಯ ಹಿಂದಿನಿಂದ ರಾವಣ ಅಬ್ಬರಿಸಿದ. ಸಭೆಯೆಲ್ಲ ನಮ್ಮ ಕಡೆ ತಿರುಗಿತು. ಮಾವ ಮಾತ್ರ ಸಮಾಧಾನದಿಂದ ಕುಳಿತು, "ಉತ್ತರ ಕೊಟ್ಟ ನೋಡು, ಮಲೆಯಾಳಿ ಭಾಷೆ, ನಮಗೆ ತಿಳಿಯಲ್ಲ ಅಷ್ಟೇ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸ್ವಯಂಸೇವಕನೊಬ್ಬ ಬಂದು ನಮ್ಮ ಸಾಲಿನ ತುದಿಯಲ್ಲಿ ಆಟ ಮುಗಿಯುವವರೆಗೂ ನಿಂತಿದ್ದ. ಮಾವ ಈಗಲೂ ಊರಿನಿಂದ ಫೋನು ಮಾಡಿದಾಗಲೆಲ್ಲ, ಆ ರಾವಣ ಮತ್ತೆ ಯಾವಾಗ ಬರುತ್ತಾನೆಂದು ಕೇಳುತ್ತಾರೆ.

ಇಷ್ಟಾದ ಮೇಲೆ ನಾಲ್ಕನೆಯ ದಿನ ಹೆಂಡತಿ ಕೇಳಿದಾಗ ಎಚ್ಚರಿಕೆಯಿಂದ ಮೋಹಿನಿಯಾಟ್ಟಂ ಎಂದೆ. ಅದರಲ್ಲಿ ತಟ್ಟೆಯಿಲ್ಲ, ಅಬ್ಬರವಿಲ್ಲ, ತೆಂಗಿನ ಗರಿ ತೂಗಿದಂತೆ ನಿಧಾನವಾದ ಚಲನೆ, ತಲೆಯ ಎಡಬದಿಗೆ ಕಟ್ಟಿದ ತುರುಬು, ಜರಿಯಂಚಿನ ಬಿಳಿಯ ಸೀರೆ. ಪಕ್ಕದ ಅಜ್ಜಿಯನ್ನೂ ಕರೆದುಕೊಂಡು ಹೋದಳು. ಇಬ್ಬರೂ ಒಂಬತ್ತೂವರೆಗೆ ನಗುನಗುತ್ತ ಬಂದರು. ಇಡೀ ಉತ್ಸವದಲ್ಲಿ ನನ್ನ ಶಿಫಾರಸು ಫಲಿಸಿದ್ದು ಅದೊಂದೇ ಎಂದು ನಾನು ಬೀಗುತ್ತಿರುವಾಗಲೇ, ನೃತ್ಯಕ್ಕಿಂತ ಆ ಸೀರೆಯ ಅಂಚು ಬಹಳ ಚೆನ್ನಾಗಿತ್ತೆಂದೂ, ಅಂಥದ್ದು ಎಲ್ಲಿ ಸಿಗುತ್ತದೆಂದು ಕಲಾವಿದೆಯ ಜೊತೆ ಬಂದಿದ್ದವರನ್ನು ಕೇಳಿ ವಿಳಾಸ ಬರೆಸಿಕೊಂಡು ಬಂದಿರುವುದಾಗಿಯೂ ತಿಳಿಯಿತು. ಮೂರು ಸೀರೆಗೆ ಹೇಳಿಯಾಗಿದೆ; ಮೂರನೆಯದು ಮೇಷ್ಟ್ರ ಮನೆಯವರಿಗೆ, ವರ್ಣದ ಪರಿಹಾರವಾಗಿ.