ಕರಿಯನ ತಳಿ ಯಾವುದು?

ನಿನ್ನೆ ರಾತ್ರಿ ನಾಯಿಯ ವಿಮೆಗೆಂದು ಅರ್ಜಿ ತುಂಬುತ್ತಿದ್ದಾಗ 'ದಯವಿಟ್ಟು ತಳಿಯನ್ನು ಆಯ್ಕೆ ಮಾಡಿ' ಎಂಬ ಕೆಂಪಕ್ಷರಗಳು ಆರನೆಯ ಸಲ ಮೂಡಿ ನನ್ನ ತಾಳ್ಮೆ ಕೆಟ್ಟಿತು. ಆ ಪಟ್ಟಿಯಲ್ಲಿ ಸೈಬೀರಿಯದ ಹಸ್ಕಿ ಇದೆ, ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಇದೆ. ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ಕಲಬುರಗಿಯಲ್ಲಿ ಬಚ್ಚಲ ಬಳಿಯ ಶಹಾಬಾದಿ ಕಲ್ಲಿಗೆ ಹೊಟ್ಟೆಯಾನಿಸಿ ಮಲಗುವ, ಜೋಳದ ರೊಟ್ಟಿ ತಿಂದು ಬೆಳೆದ ನಮ್ಮ ಕರಿಯನಿಗೆ ಮಾತ್ರ ಜಾಗವಿಲ್ಲ. ನಮ್ಮದೇ ರಾಜ್ಯದ ಮುಧೋಳ ನಾಯಿಗೂ ಇಲ್ಲ!

ಷರತ್ತುಗಳನ್ನಾದರೂ ಓದೋಣವೆಂದರೆ, ಲಸಿಕೆಯಿಂದ ತಡೆಯಬಹುದಾಗಿದ್ದ ರೋಗಕ್ಕೆ ಪರಿಹಾರವಿಲ್ಲ, ಮೊದಲೇ ಇದ್ದ ಕಾಯಿಲೆಗೆ ಇಲ್ಲ, ಮೊದಲ 30 ದಿನ ಯಾವ ಕಾಯಿಲೆಗೂ ಇಲ್ಲ, ಹಲ್ಲಿಗಂತೂ ಇಲ್ಲವೇ ಇಲ್ಲ. ಹಾಗಾದರೆ ನಾಯಿಗೆ ಯಾವ ರೋಗ ಬರಬೇಕೆಂಬುದು ಈ ಮಹನೀಯರ ಅಪೇಕ್ಷೆ? ಸಾಲದ್ದಕ್ಕೆ ಎಡಮಗ್ಗುಲಿನ ಸ್ಪಷ್ಟ ಫೋಟೊ ಬೇಕಂತೆ. (ಅರ್ಧ ಪಾಕೀಟು ಬಿಸ್ಕತ್ತು ಖರ್ಚಾದ ಮೇಲೆ ಮಂಚದಡಿಯಿಂದ ನನಗೆ ಸಿಕ್ಕಿದ್ದು ಬಾಲವೊಂದೇ.)

ಸಹಾಯವಾಣಿಗೆ ಕರೆ ಮಾಡಿದರೆ, ಅತ್ಯಂತ ವಿನಯದಿಂದ ಕೇಳಿದ ಮೊದಲ ಪ್ರಶ್ನೆ, ವಂಶಾವಳಿಯ ಪ್ರಮಾಣಪತ್ರವಿದೆಯೇ ಎಂಬುದು. ಸೂಪರ್ ಮಾರ್ಕೆಟ್ ಹತ್ತಿರ, ಮಳೆಯಲ್ಲಿ ನೆನೆಯುತ್ತ ಚರಂಡಿಯ ಪಕ್ಕದಲ್ಲಿ ಸಿಕ್ಕ ಮರಿಯ ಮುತ್ತಜ್ಜನ ಹೆಸರನ್ನು ನಾನು ಯಾರನ್ನು ಕೇಳಲಿ?