ವಿಮೆ ಕೊಳ್ಳಲೇಬೇಕೆಂಬ ಕಾನೂನು: ಮ್ಯಾಸಚೂಸೆಟ್ಸ್‌ನ ಬಡವರಿಗೆ ಒದಗಿತೇ?

ಪರ

ಕಾಯಿಲೆ ಇದೆಯೆಂದು ಯಾರಿಗೂ ಆರೋಗ್ಯ ವಿಮೆ ನಿರಾಕರಿಸುವಂತಿಲ್ಲ ಎಂಬ ನಿಯಮ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1990ರ ದಶಕದಿಂದಲೇ ಇತ್ತು. ಎಲ್ಲರೂ ಸೇರಬೇಕೆಂಬ ನಿಯಮ ಇರಲಿಲ್ಲ. ಗಟ್ಟಿಮುಟ್ಟಾಗಿದ್ದವರು ದೂರ ಉಳಿದರು, ಆಸ್ಪತ್ರೆಗೆ ಅಲೆಯುವವರೇ ಹೆಚ್ಚಾಗಿ ಸೇರಿದರು, ಪ್ರೀಮಿಯಂ ಏರಿತು. ಏರಿದ್ದು ಕಂಡು ಇನ್ನಷ್ಟು ಜನ ಬಿಟ್ಟರು. ಈ ಸುಳಿಯಿಂದ ಹೊರಬರಲು ಸಬ್ಸಿಡಿಯೊಂದೇ ಸಾಲದು. ಆರೋಗ್ಯವಂತರನ್ನೂ ಒಳಗೆ ತರಬೇಕು.

2006ರ ಏಪ್ರಿಲ್‌ನಲ್ಲಿ ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿದ ಕಾನೂನು ಎರಡನ್ನೂ ಮಾಡಿತು. ವಯಸ್ಕರು ವಿಮೆ ಕೊಳ್ಳಲೇಬೇಕು, ಕೈಗೆಟುಕುವಂತಿದ್ದೂ ಕೊಳ್ಳದಿದ್ದರೆ ದಂಡ ಎಂದಿತು. ಆದಾಯ ಫೆಡರಲ್ (ಕೇಂದ್ರ) ಸರ್ಕಾರದ ಬಡತನ ರೇಖೆಯ ಮೂರು ಪಟ್ಟು ಮೀರದವರಿಗೆ ಸಬ್ಸಿಡಿ ಕೊಟ್ಟಿತು. ಆಸ್ಪತ್ರೆಗಳು ವಿಮೆಯಿಲ್ಲದವರಿಗೆ ಕೊಟ್ಟ ಚಿಕಿತ್ಸೆಗೆಂದು ಅವಕ್ಕೆ ತುಂಬಿಕೊಡುತ್ತಿದ್ದ ಹಣದಲ್ಲಿ ಒಂದು ಭಾಗವನ್ನು ಈ ಸಬ್ಸಿಡಿಗೆ ತಿರುಗಿಸಿತು. ಇದೇ ಅದರ ಜಾಣತನ: ರೋಗ ಉಲ್ಬಣಿಸಿದ ಮೇಲೆ ತುರ್ತು ವಿಭಾಗಕ್ಕೆ ಸುರಿಯುತ್ತಿದ್ದ ಹಣ ಮೊದಲೇ ವೈದ್ಯರ ಬಳಿ ಹೋಗಲು ನೆರವಾಯಿತು. 'ಕನೆಕ್ಟರ್' ಎಂಬ ಸಂಸ್ಥೆ ಖಾಸಗಿ ಪ್ಲಾನುಗಳನ್ನು ಕಂಚು, ಬೆಳ್ಳಿ, ಚಿನ್ನ ಎಂದು ವಿಂಗಡಿಸಿ ಹೋಲಿಸಿ ನೋಡುವಂತೆ ಇಟ್ಟಿತು. 2007ರ ಜುಲೈನಲ್ಲಿ ಸ್ವಂತವಾಗಿ ವಿಮೆ ಕೊಳ್ಳುವವರ ಗುಂಪು ಸಣ್ಣ ಸಂಸ್ಥೆಗಳ ನೌಕರರ ಗುಂಪಿನೊಂದಿಗೆ ವಿಲೀನವಾದ ಮೇಲೆ, ಸ್ವಂತವಾಗಿ ಕೊಳ್ಳುವವರ ಪ್ರೀಮಿಯಂ ಇಳಿಯಿತು. ಕೆಲವೇ ವರ್ಷಗಳಲ್ಲಿ ವಿಮೆಯಿಲ್ಲದವರ ಪಾಲು ದೇಶದಲ್ಲೇ ಅತಿ ಕಡಿಮೆಯಾಯಿತು.

ವಿರೋಧ

ವಿಮಾ ಕಾರ್ಡ್ ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ಕೈಗೆಟುಕುವುದಿಲ್ಲ. ಪ್ರೀಮಿಯಂ ಜೊತೆಗೆ ಡಿಡಕ್ಟಿಬಲ್ (ವಿಮೆ ಹಣ ಕೊಡಲು ತೊಡಗುವ ಮುನ್ನ ರೋಗಿಯೇ ಭರಿಸಬೇಕಾದ ಮೊತ್ತ) ಮತ್ತು ಪ್ರತಿ ಭೇಟಿಗೆ ರೋಗಿ ಕೊಡುವ ಕೋ-ಪೇ ಕೂಡಿಸಿ ನೋಡಬೇಕು. 2009ರಿಂದ ಕಾನೂನು ಒಪ್ಪುವ ಪ್ಲಾನಿನಲ್ಲೂ ಒಬ್ಬರಿಗೆ 2,000 ಡಾಲರ್‌ವರೆಗೆ ಡಿಡಕ್ಟಿಬಲ್ ಇರಬಹುದಿತ್ತು. ಅಂದರೆ ತಿಂಗಳು ತಿಂಗಳು ಕಂತು ಕಟ್ಟಿದವರೂ ಬಹುಪಾಲು ಚಿಕಿತ್ಸೆಗೆ ಮೊದಲು ಅಷ್ಟನ್ನು ಜೇಬಿನಿಂದಲೇ ತೆರಬೇಕಾಗಬಹುದಿತ್ತು.

ಸಬ್ಸಿಡಿಯ ಗೆರೆ ಇನ್ನೂ ಕ್ರೂರ. 2007ರಲ್ಲಿ ಒಂಟಿ ವ್ಯಕ್ತಿಗೆ ಅದು ವರ್ಷಕ್ಕೆ 30,630 ಡಾಲರ್ ಆದಾಯ. ಸ್ವಲ್ಪ ಓವರ್‌ಟೈಮ್ ಮಾಡಿ ಗೆರೆ ದಾಟಿದರೆ ನೆರವು ಪೂರ್ತಿ ನಿಲ್ಲುತ್ತಿತ್ತು. ವಯಸ್ಸಾದವರಿಂದ ಕಿರಿಯರ ಎರಡು ಪಟ್ಟು ಪ್ರೀಮಿಯಂ ಪಡೆಯಲೂ ಅವಕಾಶವಿತ್ತು. ಕೊಳ್ಳಲಾಗದವರಿಗೆ ದಂಡದಿಂದ ವಿನಾಯಿತಿ ಇತ್ತು ನಿಜ, ಆದರೆ ವಿನಾಯಿತಿ ಪತ್ರ ಹಿಡಿದು ಹೋದರೆ ಯಾವ ಆಸ್ಪತ್ರೆಯೂ ಬಿಲ್ ಮನ್ನಾ ಮಾಡದು.

ಭಾರ ಹಂಚಿದ ರೀತಿಯೂ ಸರಿಯಲ್ಲ. 2008ರಲ್ಲಿ ವಿಮೆಯಿಲ್ಲದ ವ್ಯಕ್ತಿಗೆ ದಂಡ 912 ಡಾಲರ್‌ವರೆಗೆ ಇತ್ತು. ಹನ್ನೊಂದು ಅಥವಾ ಹೆಚ್ಚು ನೌಕರರಿದ್ದೂ ತನ್ನ ಪಾಲು ಕೊಡದ ಮಾಲೀಕನಿಗೆ ನೌಕರರ ತಲೆಗೆ ವರ್ಷಕ್ಕೆ ಗರಿಷ್ಠ 295 ಡಾಲರ್. ಮಾಲೀಕ ಒಬ್ಬ ನೌಕರನ ಪ್ರೀಮಿಯಂನ 33 ಶೇಕಡಾ ಕೊಡಲು ಮುಂದಾದರೆ ಸಾಕು, ಆ ನೌಕರನಿಗೆ ಸಬ್ಸಿಡಿ ಪ್ಲಾನ್ ಮುಚ್ಚಿತು. ಉಳಿದ 67 ಶೇಕಡಾ ಅವನ ಸಂಬಳಕ್ಕೆ ಹೊರೆಯೇ ಎಂದು ಅರ್ಹತೆಯ ಆ ನಿಯಮ ಕೇಳಲಿಲ್ಲ.