ಬರೀ ಮಂಡಕ್ಕಿ
ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರೊಳಗೆ, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ 5.7ರಿಂದ 6.4ರೊಳಗೆ ಇದ್ದರೆ ವೈದ್ಯರು ಅದನ್ನು ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎನ್ನುತ್ತಾರೆ. ನನಗೆ ಅವರು ಮಾತ್ರೆ ಬರೆದುಕೊಡಲಿಲ್ಲ. ಆ ಕೊರತೆಯನ್ನು ನೆಂಟರು ಸಲಹೆಗಳಿಂದ ತುಂಬಿಕೊಟ್ಟರು.

ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆದೋಸೆ ಬಿಡುವುದು ಅಂದುಕೊಂಡಷ್ಟು ಕಷ್ಟವಲ್ಲ, ಏಕೆಂದರೆ ಅದರ ಅಪರಾಧ ಕಣ್ಣೆದುರಿಗೇ ಕರಗುತ್ತಿರುತ್ತದೆ. ಕಷ್ಟವಾದದ್ದು ಮಂಡಕ್ಕಿ. ಸಂಜೆ ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿಯನ್ನೂ ಮೇಲೆರಡು ಮಿರ್ಚಿಯನ್ನೂ ಮುಗಿಸಿ, "ಏನೂ ತಿಂದಿಲ್ಲ, ಬರೀ ಮಂಡಕ್ಕಿ" ಎನ್ನುತ್ತ ರಾತ್ರಿಯ ಊಟಕ್ಕೆ ಕೂರುವುದು ನಮ್ಮೂರಿನ ಶಿಷ್ಟಾಚಾರ. ಉಫ್ ಎಂದರೆ ಹಾರಿಹೋಗುವ ವಸ್ತುವಿನಲ್ಲಿ ಸಕ್ಕರೆ ಕೂರುವುದಾದರೂ ಎಲ್ಲಿ ಎಂಬುದು ನಮ್ಮ ಅತ್ತೆಯವರ ವಾದ. ಗ್ಲೂಕೋಮೀಟರ್ ಮಾತ್ರ ಇದನ್ನು ಒಪ್ಪದೆ, ಮೊದಲ ತುತ್ತಿನಿಂದ ಎರಡು ಗಂಟೆ ಕಳೆದ ಮೇಲೆ 176 ತೋರಿಸಿತು. ಅರಳಿದ ಅಕ್ಕಿಯ ಪಿಷ್ಟ ಬೇಗ ಜೀರ್ಣವಾಗಿ ಅಷ್ಟೇ ಬೇಗ ರಕ್ತಕ್ಕೆ ಇಳಿಯುತ್ತದೆ ಎಂದು ನಾನು ವಿವರಿಸಿದೆ. "ನಿಮ್ಮ ಮಿಷಿನ್ನೇ ಸರಿ ಇಲ್ಲ ಬಿಡ್ರಿ" ಎಂದು ಅವರು ತೀರ್ಪು ಕೊಟ್ಟರು.

ಆ ತೀರ್ಪಿಗೆ ಸಾಕ್ಷಿ ಒದಗಿಸಿದವರು ಮಾವನವರು. ಹಬ್ಬದ ಬೆಳಿಗ್ಗೆ ಪಂಚಾಮೃತಕ್ಕೆಂದು ಕಳಿತ ಬಾಳೆಹಣ್ಣನ್ನು ಜೇನಿನಲ್ಲಿ ಕಿವುಚಿದವರು ಕೈಯನ್ನು ಪಂಚೆಗೆ ಒರೆಸಿಕೊಂಡು, "ನನ್ನದೂ ನೋಡಿಬಿಡ್ರಿ" ಎಂದು ಬೆರಳು ಚಾಚಿದರು. ಹನಿ ರಕ್ತವನ್ನು ಸ್ಟ್ರಿಪ್ ಹೀರಿಕೊಂಡಿತು, ಐದೆಣಿಸುವಷ್ಟರಲ್ಲಿ 287 ಎಂದಿತು. ಅದುವರೆಗೆ ಸಕ್ಕರೆಯ ಸುದ್ದಿಯೇ ಇಲ್ಲದ ಮನುಷ್ಯನ ಎದುರಿನಿಂದ ಅತ್ತೆಯವರು ಹೋಳಿಗೆಯ ಡಬ್ಬಿಯನ್ನು ಎತ್ತಿಕೊಂಡು ಒಳಗೆ ನಡೆದರು. ಬೆರಳಿಗೆ ಅಂಟಿದ ಜೇನಿನಲ್ಲೂ ಹಣ್ಣಿನಲ್ಲೂ ಇರುವ ಗ್ಲೂಕೋಸನ್ನು ಸ್ಟ್ರಿಪ್ ರಕ್ತದ ಲೆಕ್ಕಕ್ಕೇ ಸೇರಿಸುತ್ತದೆ. ಸೋಪಿನಿಂದ ಕೈ ತೊಳೆಸಿ, ಚೆನ್ನಾಗಿ ಒಣಗಿಸಿ, ಇನ್ನೊಂದು ಬೆರಳಿನ ತುದಿಯ ಪಕ್ಕದಲ್ಲಿ ಚುಚ್ಚಿದಾಗ 94 ಬಂತು. ಡಬ್ಬಿಯೂ ವಾಪಸ್ಸು ಬಂತು.

ಈಗ ನಾನು ಮಂಡಕ್ಕಿಯನ್ನು ಒಂದು ಹಿಡಿಗೆ ಇಳಿಸಿ, ಶೇಂಗಾ, ಮೊಳಕೆ ಕಾಳು, ಸೌತೆಕಾಯಿ ಹೆಚ್ಚಿಸಿಕೊಂಡು, ತಿಂದ ಮೇಲೆ ಕುಂದವಾಡ ಕೆರೆಯ ದಂಡೆಯಲ್ಲಿ ಕಾಲಾಡಿಸುತ್ತೇನೆ. ಅಂಕಿಯೂ 140ರ ಕೆಳಗೆ ಇಳಿದಿದೆ. ಇಳಿಕೆಯ ಶ್ರೇಯಸ್ಸನ್ನೆಲ್ಲ ಅತ್ತೆಯವರು ಸೋಪಿಗೆ ಕೊಟ್ಟು, ಅದು ಯಾವ ಸೋಪೆಂದು ಓಣಿಯ ಸಕ್ಕರೆ ಕಾಯಿಲೆಯವರಿಗೆಲ್ಲ ಹೇಳುತ್ತ ಬಂದಿದ್ದಾರೆ.